ಬ್ರೆಜಿಲ್ ಸಂಸ್ಕೃತಿಯ ಪತ್ರಿಕೆಯನ್ನು ಹೊರದೇಶದಲ್ಲಿ ಓದುವವರು ಯಾರು, ಏಕೆ?

ಸಹ್ಯಾದ್ರಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಸಮೀಪದಲ್ಲಿ ವಾಸವಾಗಿದ್ದೇನೆ. 1980ರ ದಶಕದಲ್ಲಿ ಬ್ರೆಜಿಲ್ ಹಣದುಬ್ಬರದಿಂದ ತತ್ತರಿಸುತ್ತಿದ್ದಾಗ ಅಲ್ಲಿನ ಮಿನಾಸ್ ಜೆರಾಯಿಸ್ ರಾಜ್ಯದಿಂದ, ಅದರಲ್ಲೂ ಗವರ್ನಡೋರ್ ವಲಡಾರೆಸ್ ನಗರದಿಂದ, ಹೊರಟು ಬಂದ ಬಹಳಷ್ಟು ಕುಟುಂಬಗಳು ಇಲ್ಲಿ ನೆಲೆಸಿವೆ. ಅವರ ಬೇಕರಿಗಳಲ್ಲಿ ಪೋರ್ಚುಗೀಸ್ ಪತ್ರಿಕೆಗಳು ಬಿಟ್ಟಿಯಾಗಿ ಸಿಗುತ್ತವೆ. ವಲಸೆ ಕಾನೂನು, ವಕೀಲರ ಜಾಹೀರಾತು, ಊರಿಗೆ ಹಣ ಕಳುಹಿಸುವ ಅಂಗಡಿಗಳ ವಿವರ, ಫುಟ್‌ಬಾಲ್ ಫಲಿತಾಂಶ ತುಂಬಿರುವ ಆ ಪತ್ರಿಕೆಗಳು ಯಾರಿಗಾಗಿ ಇವೆ ಎಂದು ಕೇಳಬೇಕಾಗಿಯೇ ಇಲ್ಲ.

ನನ್ನ ಪ್ರಶ್ನೆ ಇನ್ನೊಂದು ಬಗೆಯ ಪತ್ರಿಕೆಯನ್ನು ಕುರಿತದ್ದು. ಬ್ರೆಜಿಲಿನ ಸಂಗೀತ, ಸಾಹಿತ್ಯ, ಸಿನಿಮಾಗಳಿಗೆ ಮೀಸಲಾಗಿದ್ದ ಇಂಗ್ಲಿಷ್ ಪತ್ರಿಕೆಯೊಂದರ ಹಳೆಯ ಸಂಚಿಕೆಗಳು ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ಪುಸ್ತಕ ಮಾರಾಟದಲ್ಲಿ ನನಗೆ ದೊರೆತವು. ಪೋರ್ಚುಗೀಸ್ ಬಲ್ಲವರು ತಾಯ್ನಾಡಿನ ಪತ್ರಿಕೆಗಳನ್ನೇ ಓದಿಕೊಳ್ಳಬಲ್ಲರು. ಬಾರದ ಬಹುಪಾಲು ಜನರಿಗೆ ಕಾರ್ನಿವಲ್ ಮತ್ತು ಪೆಲೆ ತಿಳಿದಿದ್ದರೆ ಸಾಕು. ಹೀಗಿರುವಾಗ ಇಂಥ ಪತ್ರಿಕೆಗೆ ಓದುಗರು ಎಲ್ಲಿಂದ ಬರುತ್ತಾರೆ, ಅವರಿಗೆ ಅದರಿಂದ ಒದಗುವುದಾದರೂ ಏನು? ತವರಿನ ನೆನಪು ಎಂಬ ಸಿದ್ಧ ಉತ್ತರ ನನಗೆ ಸಾಲದು. ಏಕೆಂದರೆ ಓದುಗರ ಪತ್ರಗಳ ಪುಟದಲ್ಲಿ ಬ್ರೆಜಿಲಿನವರಷ್ಟೇ ಪ್ರಮಾಣದಲ್ಲಿ ಆ ದೇಶಕ್ಕೆ ಯಾವ ಸಂಬಂಧವೂ ಇಲ್ಲದ ಹೆಸರುಗಳಿವೆ.

ಹಳೆಸಂಚಿಕೆ

ಸಹ್ಯಾದ್ರಿವಾಸಿಯವರೇ, ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿನ್ನೆಲೆ ಇದೆ. ಬ್ರೆಜಿಲಿನ ಮಟ್ಟಿಗೆ ಹೊರದೇಶದ ಪತ್ರಿಕೆಯನ್ನು ತವರಿನ ಪತ್ರಿಕೆಯ ನೆರಳು ಎಂದು ಭಾವಿಸಿದರೆ ಚರಿತ್ರೆ ತಲೆಕೆಳಗಾಗುತ್ತದೆ.

ತನ್ನ ವಸಾಹತುವಾಗಿದ್ದ ಬ್ರೆಜಿಲಿನಲ್ಲಿ ಮುದ್ರಣಾಲಯ ಇರಕೂಡದೆಂದು ಪೋರ್ಚುಗಲ್ ನಿರ್ಬಂಧಿಸಿತ್ತು. ನೆಪೋಲಿಯನ್ನನ ಸೈನ್ಯಕ್ಕೆ ಅಂಜಿ ಲಿಸ್ಬನ್ನಿನ ಅರಮನೆಯೇ ಹಡಗು ಹತ್ತಿ ರಿಯೊ ಡಿ ಜನೈರೊಗೆ ಬಂದ 1808ರಲ್ಲಷ್ಟೇ ಅಲ್ಲಿ ಅಧಿಕೃತ ಮುದ್ರಣ ಆರಂಭವಾಯಿತು. ಅದೇ ವರ್ಷದ ಜೂನ್‌ನಲ್ಲಿ ಹಿಪೋಲಿತೊ ಜೋಸೆ ದಾ ಕೋಸ್ತ ಲಂಡನ್ನಿನಿಂದ ‘ಕೊರೆಯೊ ಬ್ರಾಜಿಲಿಯೆನ್ಸ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಲಿಸ್ಬನ್ನಿನಲ್ಲಿ ಧರ್ಮವಿಚಾರಣಾ ನ್ಯಾಯಾಲಯದ ಸೆರೆಯಿಂದ ತಪ್ಪಿಸಿಕೊಂಡು ಹೋಗಿದ್ದ ಅವರಿಗೆ ರಾಜಪ್ರತಿನಿಧಿಯ ಸೆನ್ಸಾರ್ ಮುಟ್ಟಲಾಗದ ಊರು ಬೇಕಾಗಿತ್ತು. ಪತ್ರಿಕೆ 1822ರವರೆಗೆ, ಅಂದರೆ ಬ್ರೆಜಿಲ್ ಸ್ವತಂತ್ರವಾಗುವವರೆಗೆ, ನಡೆಯಿತು.

ಮುಂದೆ 1836ರಲ್ಲಿ ಬ್ರೆಜಿಲಿನ ಕವಿ ಗೊನ್ಸಾಲ್ವಿಸ್ ದ ಮಗಾಲ್ಯಾಯಿಸ್ ಮತ್ತು ಅವರ ಗೆಳೆಯರು ಪ್ಯಾರಿಸ್ಸಿನಲ್ಲಿ ‘ನಿತೆರೋಯ್’ ಪತ್ರಿಕೆಯನ್ನು ಮುದ್ರಿಸಿದರು. ಬಂದದ್ದು ಎರಡೇ ಸಂಚಿಕೆ. ಆದರೂ ಬ್ರೆಜಿಲಿನ ಸಾಹಿತ್ಯಕ್ಕೆ ತನ್ನದೇ ಚರಿತ್ರೆಯೊಂದು ಇದೆ ಎಂದು ವಾದಿಸುವ ಪ್ರಬಂಧವೂ, ಗುಲಾಮಗಿರಿಯು ದೇಶದ ಆರ್ಥಿಕತೆಗೆ ಮಾಡುತ್ತಿದ್ದ ಹಾನಿಯ ಕುರಿತ ಲೇಖನವೂ ಅದರಲ್ಲಿದ್ದವು. ಬ್ರೆಜಿಲಿನ ರಮ್ಯ ಸಾಹಿತ್ಯದ ಆರಂಭವನ್ನು ವಿದ್ವಾಂಸರು ಗುರುತಿಸುವುದು ಆ ವರ್ಷದಿಂದ. ಇನ್ನು 1870ರಿಂದ 1879ರವರೆಗೆ ಜೋಸೆ ಕಾರ್ಲೋಸ್ ರೋಡ್ರಿಗ್ಸ್ ನ್ಯೂಯಾರ್ಕಿನಲ್ಲಿ ‘ಓ ನೋವೊ ಮುಂದೊ’ ಎಂಬ ಸಚಿತ್ರ ಮಾಸಪತ್ರಿಕೆಯನ್ನು ನಡೆಸಿದರು. ಬ್ರೆಜಿಲಿನ ಹೆಸರಾಂತ ಕಾದಂಬರಿಕಾರ ಮಶಾದೊ ದ ಅಸಿಸ್ ತಮ್ಮ ಅತ್ಯಂತ ಪ್ರಸಿದ್ಧ ವಿಮರ್ಶಾ ಲೇಖನವನ್ನು 1873ರಲ್ಲಿ ಕಳುಹಿಸಿದ್ದು ಈ ಪತ್ರಿಕೆಗೇ. ಕಾಡು, ಮೂಲನಿವಾಸಿ, ಉಷ್ಣವಲಯದ ಹಸಿರು ಇವುಗಳನ್ನು ಬಣ್ಣಿಸಿದರಷ್ಟೇ ಬ್ರೆಜಿಲಿನ ಲೇಖಕನೆನಿಸಿಕೊಳ್ಳಬಹುದು ಎಂಬ ನಂಬಿಕೆಯನ್ನು ಅದರಲ್ಲಿ ಅವರು ಪ್ರಶ್ನಿಸಿದರು; ದೂರದ ಕಾಲದೇಶಗಳ ವಸ್ತುವನ್ನು ಎತ್ತಿಕೊಂಡಾಗಲೂ ಲೇಖಕ ತನ್ನ ಕಾಲ ಮತ್ತು ನಾಡಿಗೆ ಸೇರಿದವನಾಗಿಯೇ ಉಳಿಯುವಂಥ ಒಳಗಿನ ಭಾವವನ್ನು ಅವನಿಂದ ಅಪೇಕ್ಷಿಸಬೇಕು ಎಂದರು. ಈ ಮಾತು ಹೊರದೇಶದಲ್ಲಿ ಅಚ್ಚಾದ ಪುಟಗಳಲ್ಲಿ ಮೊದಲು ಬಂದದ್ದು ನನಗೆ ಕೇವಲ ಕಾಕತಾಳೀಯವಾಗಿ ಕಾಣುವುದಿಲ್ಲ.

ನೇರನುಡಿ

ಹಳೆಸಂಚಿಕೆಯವರ ವಿವರಗಳಿಗೆ ಧನ್ಯವಾದಗಳು. ಆದರೆ ಅವರು ಹೇಳಿದ ಮೂರೂ ಪತ್ರಿಕೆಗಳು ಪೋರ್ಚುಗೀಸಿನಲ್ಲಿ, ಬ್ರೆಜಿಲಿನವರಿಗಾಗಿಯೇ ಬರೆದು ಹಡಗಿನಲ್ಲಿ ಊರಿಗೆ ಕಳುಹಿಸಿದಂಥವು. ಪ್ರಶ್ನೆ ಇದ್ದದ್ದು ಪರಕೀಯ ಓದುಗನ ಬಗ್ಗೆ. ಅವನ ಕೈಗೆ ಸಾಮಾನ್ಯವಾಗಿ ತಲುಪುವುದು ರಾಯಭಾರ ಕಚೇರಿಯ ಹಣದಲ್ಲಿ ನುಣುಪು ಕಾಗದದ ಮೇಲೆ ಅಚ್ಚಾದ, ಎಲ್ಲರೂ ಬೀದಿಯಲ್ಲಿ ನಗುತ್ತ ಕುಣಿಯುತ್ತಿರುವ ಬ್ರೆಜಿಲ್. 1964ರ ಸೇನಾದಂಗೆಯಿಂದ 1985ರವರೆಗೆ ಮಿಲಿಟರಿ ಆಳ್ವಿಕೆಯಲ್ಲಿದ್ದ ದೇಶವು ಹೊರಗಿನವರಿಗೆ ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸೀತು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಹೊರನಾಡ ಕನ್ನಡ ಸಮ್ಮೇಳನಗಳ ಸ್ಮರಣ ಸಂಚಿಕೆಗಳನ್ನೇ ನೋಡಿ: ಹಂಪಿ, ಮೈಸೂರು ದಸರಾ, ಜೋಗ, ನಡುವೆ ಪ್ರಾಯೋಜಕರ ಭಾವಚಿತ್ರ. ಸರ್ಕಾರದ ಹಣವಿಲ್ಲದೆಯೇ ನಾವು ಅಷ್ಟು ಮಾಡಿಕೊಂಡಿದ್ದೇವೆ.

ಹಳೆಸಂಚಿಕೆ

ಸ್ಮರಣ ಸಂಚಿಕೆಗಳ ಬಗ್ಗೆ ನೀವು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಯಭಾರ ಕಚೇರಿಯ ಪತ್ರಿಕೆ ಎಂದ ಮಾತ್ರಕ್ಕೆ ಅದು ತುತ್ತೂರಿಯೇ ಆಗಿರಬೇಕಾಗಿಲ್ಲ. ಮ್ಯಾಡ್ರಿಡ್ಡಿನಲ್ಲಿದ್ದ ಬ್ರೆಜಿಲ್ ರಾಯಭಾರ ಕಚೇರಿಯು 1962ರಲ್ಲಿ ‘ರೆವಿಸ್ತಾ ದೆ ಕುಲ್ತೂರಾ ಬ್ರಾಸಿಲೆನ್ಯಾ’ ಎಂಬ ಸ್ಪ್ಯಾನಿಷ್ ಪತ್ರಿಕೆಯನ್ನು ಆರಂಭಿಸಿತು. ಅದರ ಹಿಂದಿದ್ದವರು ದೊಡ್ಡ ಕವಿಯೂ ವೃತ್ತಿಯಿಂದ ರಾಜತಾಂತ್ರಿಕರೂ ಆಗಿದ್ದ ಜೊವಾಉಂ ಕಬ್ರಾಲ್ ದ ಮೆಲೊ ನೆಟೊ. 1940ರ ದಶಕದ ಕೊನೆಯಲ್ಲಿ ಬಾರ್ಸಿಲೋನಾದಲ್ಲಿ ಕೆಲಸಕ್ಕಿದ್ದಾಗ ಅವರು ಮನೆಯಲ್ಲಿ ಕೈಮುದ್ರಣ ಯಂತ್ರವಿಟ್ಟುಕೊಂಡು ಕವನಗಳನ್ನು ಅಚ್ಚುಹಾಕುತ್ತಿದ್ದವರು. ಸಂಪಾದಕತ್ವವನ್ನು ತಮ್ಮ ಕಚೇರಿಯ ಅಧಿಕಾರಿಗೆ ಕೊಡದೆ ಆಂಖೆಲ್ ಕ್ರೆಸ್ಪೊ ಎಂಬ ಸ್ಪ್ಯಾನಿಷ್ ಕವಿಗೆ ಒಪ್ಪಿಸಿದ್ದರಲ್ಲಿಯೇ ಪತ್ರಿಕೆಯ ಗುಣ ನಿರ್ಧಾರವಾಯಿತು ಎಂದು ನನ್ನ ಎಣಿಕೆ.

ಫ್ರಾಂಕೊನ ಸರ್ವಾಧಿಕಾರದ ಕೆಳಗಿದ್ದ ಆ ಕಾಲದ ಸ್ಪೇನಿನಲ್ಲಿ ಕಾವ್ಯವು ಬಹುಮಟ್ಟಿಗೆ ಸಾಮಾಜಿಕ ವಾಸ್ತವವಾದದ ದಾರಿಯಲ್ಲಿ ಸಾಗಿತ್ತು. ಆ ದಾರಿ ಸವೆದಿದೆ ಎನ್ನಿಸಿದ್ದ ಕ್ರೆಸ್ಪೊ ಅವರಿಗೆ ಸಾವೊ ಪಾಲೊದ ಕಾಂಪೋಸ್ ಸಹೋದರರು ಮತ್ತು ದೇಸಿಯೊ ಪಿಗ್ನತಾರಿ ರೂಪಿಸಿದ್ದ ಕಾಂಕ್ರೀಟ್ ಕಾವ್ಯವೂ (ಪುಟದ ಮೇಲೆ ಪದಗಳನ್ನು ಜೋಡಿಸುವ ಆಕಾರದಿಂದಲೇ ಅರ್ಥ ಮೂಡಿಸುವ ಕವಿತೆ), ಬ್ರೆಜಿಲಿನ ಕಾದಂಬರಿಕಾರ ಗಿಮರಾಯಿನ್ಸ್ ರೋಸಾ ಅವರ ಗದ್ಯವೂ ಬೇರೊಂದು ಸಾಧ್ಯತೆಯಾಗಿ ಕಂಡವು. ಪತ್ರಿಕೆಯಲ್ಲಿ ಅವುಗಳನ್ನು ಕುರಿತು ದೀರ್ಘ ಅಧ್ಯಯನಗಳು, ಅನುವಾದಗಳು ಬಂದವು. ರೋಸಾ ಅವರ ಮಹಾಕಾದಂಬರಿಯನ್ನು ಕ್ರೆಸ್ಪೊ ಅವರೇ ಸ್ಪ್ಯಾನಿಷಿಗೆ ತಂದದ್ದು 1967ರಲ್ಲಿ ಪ್ರಕಟವಾಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಆ ಸ್ಪ್ಯಾನಿಷ್ ಓದುಗರು ಬ್ರೆಜಿಲಿನ ಮೇಲಿನ ಮೋಹದಿಂದ ಪತ್ರಿಕೆಯನ್ನು ತೆರೆಯಲಿಲ್ಲ, ತಮ್ಮ ಮನೆಯಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ತೆರೆದರು. ಸಹ್ಯಾದ್ರಿವಾಸಿಯವರು ಕಂಡ ಸಂಬಂಧವಿಲ್ಲದ ಹೆಸರುಗಳಿಗೂ ನಾನು ಕೊಡುವ ವಿವರಣೆ ಇದೇ.

ಪೂರ್ವಗಾಳಿ

ಜಪಾನಿನ ಹಮಾಮತ್ಸುವಿನಲ್ಲಿ ಕೆಲವು ಕಾಲ ಕೆಲಸ ಮಾಡಿದ್ದರಿಂದ ಒಂದು ಮಾತು ಸೇರಿಸುತ್ತೇನೆ. 1908ರಲ್ಲಿ ‘ಕಸಾತೊ ಮಾರು’ ಹಡಗಿನಿಂದ ಮೊದಲ್ಗೊಂಡು ಕಾಫಿ ತೋಟಗಳ ಕೂಲಿಗಾಗಿ ಬ್ರೆಜಿಲಿಗೆ ಹೋದ ಜಪಾನೀಯರ ವಂಶಸ್ಥರು, 1990ರಲ್ಲಿ ಜಪಾನಿನ ವಲಸೆ ಕಾನೂನು ಬದಲಾದ ಮೇಲೆ ಕಾರ್ಖಾನೆಗಳ ಕೆಲಸಕ್ಕೆಂದು ಅಜ್ಜಂದಿರ ನಾಡಿಗೆ ಮರಳಿದರು. ಬ್ರೆಜಿಲಿನಲ್ಲಿ ಜಪಾನಿಗಳೆಂದು ಕರೆಸಿಕೊಂಡವರು ಜಪಾನಿನಲ್ಲಿ ಬ್ರೆಜಿಲಿನವರಾದರು. ಊರಿನಲ್ಲಿದ್ದಾಗ ಸಾಂಬಾ ಕುಣಿಯದವರು ಅಲ್ಲಿಯ ಮೆರವಣಿಗೆಯಲ್ಲಿ ಕುಣಿಯಲು ಕಲಿತದ್ದನ್ನು ನಾನು ನೋಡಿದ್ದೇನೆ. ನೇರನುಡಿಯವರು ಹಾಸ್ಯ ಮಾಡುವ ಆ ಕುಣಿಯುವ ಬ್ರೆಜಿಲ್ ಕೆಲವರಿಗೆ, ತಾವು ಯಾರೆಂದು ನೆರೆಯವರಿಗೆ ಹೇಳಲು ಕೈಗೆಟುಕುವ ಏಕೈಕ ಭಾಷೆಯಾಗಿರುತ್ತದೆ. ಪತ್ರಿಕೆಗಳು ಅದನ್ನು ಮುದ್ರಿಸಿದರೆ ನನಗೆ ಸಿಟ್ಟು ಬರುವುದಿಲ್ಲ.

ನೇರನುಡಿ

ಪೂರ್ವಗಾಳಿಯವರ ಮಾತು ನ್ಯಾಯವಾದದ್ದು. ಮ್ಯಾಡ್ರಿಡ್ಡಿನ ಉದಾಹರಣೆಯನ್ನೂ ಒಪ್ಪುತ್ತೇನೆ. ಆದರೆ ಕವಿಯೊಬ್ಬ ರಾಯಭಾರ ಕಚೇರಿಯಲ್ಲಿ ಇರುವುದು ಅಪರೂಪ, ಅದನ್ನು ನಿಯಮವೆಂದು ತಿಳಿಯಬಾರದು. ಮಿಲಿಟರಿ ಆಳ್ವಿಕೆಯ ಕಾಲದಲ್ಲೇ, 1969ರಿಂದ 1972ರವರೆಗೆ ದೇಶಭ್ರಷ್ಟರಾಗಿ ಲಂಡನ್ನಿನಲ್ಲಿದ್ದ ಗಾಯಕ ಕೇತಾನೊ ವೆಲೋಸೊ, ಆ ಆಳ್ವಿಕೆಯನ್ನು ಅಣಕಿಸುತ್ತಿದ್ದ ರಿಯೊದ ‘ಓ ಪಾಸ್ಕಿಂ’ ವಾರಪತ್ರಿಕೆಗೆ ಅಲ್ಲಿಂದಲೇ ಬರಹಗಳನ್ನು ಕಳುಹಿಸುತ್ತಿದ್ದರು. ಅಧಿಕೃತ ಪತ್ರಿಕೆಯ ಬ್ರೆಜಿಲನ್ನೂ ಆ ಬರಹಗಳ ಬ್ರೆಜಿಲನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವರಿಗೆ ಮಾತ್ರ ಹೊರದೇಶದ ಓದು ಪೂರ್ತಿಯಾಗುತ್ತದೆ.

ಸಹ್ಯಾದ್ರಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಇಲ್ಲದ್ದನ್ನು ಹುಡುಕುವ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪತ್ರಗಳನ್ನು ಮತ್ತೆ ತಿರುವಿದೆ. ಸಾಂಬಾ ಮತ್ತು ಜಾಝ್ ಬೆರೆತ ಬೋಸಾ ನೋವಾ ಸಂಗೀತದ ಬಗ್ಗೆ ಬರೆದ ಅಮೆರಿಕನ್ನರಲ್ಲಿ ಹಲವರು ದೂರುತ್ತಿರುವುದು ತಮ್ಮ ದೇಶದಲ್ಲಿ ಜಾಝ್ ಕೇಳುಗರು ಕಡಿಮೆಯಾದ ಬಗ್ಗೆ! ಅವರ ಪಾಲಿಗೆ ಬ್ರೆಜಿಲ್ ಎಂದರೆ ಕೇಳುವ ಕಿವಿಗಳು ಇನ್ನೂ ಉಳಿದಿರುವ ಜಾಗ. ಇದು ನಿಜವಾದ ಬ್ರೆಜಿಲ್ ಹೌದೋ ಅಲ್ಲವೋ, ಆ ಓದುಗರಿಗೆ ಪತ್ರಿಕೆ ಏಕೆ ಬೇಕಾಗಿತ್ತೆಂಬುದು ಈಗ ಅರ್ಥವಾಗುತ್ತಿದೆ. ‘ಓ ನೋವೊ ಮುಂದೊ’ ಇಂದು ಓದಲು ಸಿಗುತ್ತದೆಯೇ?

ಹಳೆಸಂಚಿಕೆ

ಸಿಗುತ್ತದೆ. ರಿಯೊದಲ್ಲಿರುವ ರಾಷ್ಟ್ರೀಯ ಗ್ರಂಥಾಲಯದವರು ತಮ್ಮ ಡಿಜಿಟಲ್ ಪತ್ರಿಕಾ ಭಂಡಾರದಲ್ಲಿ ಅದರ ಪುಟಗಳನ್ನು ಉಚಿತವಾಗಿ ಇಟ್ಟಿದ್ದಾರೆ. 1873ರ ಮಾರ್ಚ್ ಸಂಚಿಕೆಯಿಂದ ಆರಂಭಿಸಿ. ಮಶಾದೊ ಅವರ ಲೇಖನ ಅದರಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಪೋರ್ಚುಗೀಸ್ ಕಾಗುಣಿತ ಇಂದಿನದಕ್ಕಿಂತ ಬೇರೆಯಾದ್ದರಿಂದ ಪದ ಕೊಟ್ಟು ಹುಡುಕಿದರೆ ಎಷ್ಟೋ ಪುಟಗಳು ತಪ್ಪಿಹೋಗುತ್ತವೆ. ವರ್ಷ ಮತ್ತು ತಿಂಗಳನ್ನು ಹಿಡಿದು ಹೋಗುವುದು ಮೇಲು.