ಅಮೆರಿಕದ ಕಾಲೇಜಿನಿಂದ ಓಟಗಾರ್ತಿಗೆ ಆಫರ್: ‘ಸಂಬಳ’ದ ಮಾತು ನಂಬಬಹುದಾ?

ಪಿ.ಇ. ಮೇಷ್ಟ್ರು, ಮಂಡ್ಯ

ಸೆಕೆಂಡ್ ಪಿಯುಸಿ ಹುಡುಗಿ, 400 ಮೀಟರ್ ಹರ್ಡಲ್ಸ್. ಅಮೆರಿಕದ ಡಿವಿಷನ್ 1 (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜಿನ ಕೋಚ್ ಸ್ಕಾಲರ್‌ಶಿಪ್ ಕೊಡ್ತೀವಿ ಅಂತ ಮೇಲ್ ಮಾಡಿದ್ದಾರೆ. ನಡುವೆ ಇರುವ ಏಜೆಂಟ್ ‘ಈಗ ಅಲ್ಲಿ ಆಟಗಾರರಿಗೆ ಕಾಲೇಜೇ ಸಂಬಳ ಕೊಡುತ್ತೆ, ಮನೆಗೂ ಕಳಿಸಬಹುದು’ ಅಂತ ಹೇಳಿ, ಸ್ಕಾಲರ್‌ಶಿಪ್ ಮೊತ್ತದಲ್ಲಿ ಶೇ. 10 ಕಮಿಷನ್ ಕೇಳ್ತಿದ್ದಾನೆ. ತಂದೆ ಕಬ್ಬು ಬೆಳೆಯುವ ರೈತರು, ಆ ಸಂಬಳ ನಂಬಿ ಸಾಲ ತೆಗೆಯೋ ಯೋಚನೆಯಲ್ಲಿದ್ದಾರೆ. ಟ್ರ್ಯಾಕ್‌ನವರಿಗೆ ನಿಜಕ್ಕೂ ಎಷ್ಟು ಸಿಗುತ್ತೆ? ಸಹಿ ಹಾಕೋ ಮುಂಚೆ ಏನೇನು ಕೇಳಬೇಕು?

ಓವಲ್ ಗ್ರೌಂಡ್, ಮೈಸೂರು

ಮೇಷ್ಟ್ರೇ, ದುಡ್ಡು ಕೊಡೋದು ನಿಜ. ಹರ್ಡಲ್ಸ್ ಓಡೋ ಹುಡುಗಿಯ ತನಕ ಅದು ಬರೋದು ಅಪರೂಪ.

ಎರಡು ಥರದ ದುಡ್ಡಿದೆ. ಒಂದು ಎನ್‌ಐಎಲ್: ಆಟಗಾರರ ಹೆಸರು, ಫೋಟೋ ಬಳಸಿಕೊಂಡು ಹೊರಗಿನ ಕಂಪನಿ ಕೊಡೋದು. 2021ರ ಜುಲೈ 1ರಿಂದ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ) ಇದಕ್ಕೆ ಬಿಟ್ಟಿದೆ. ಇನ್ನೊಂದು ರೆವೆನ್ಯೂ ಶೇರ್: ಕಾಲೇಜೇ ನೇರವಾಗಿ ಕೊಡೋದು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ಕೇಸಿನ ರಾಜಿಗೆ ಕೋರ್ಟ್ 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ಜಾರಿ. 2025-26ಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಇದು ಗರಿಷ್ಠ ಮಿತಿ ಅಷ್ಟೇ, ಇಷ್ಟು ಕೊಡಲೇಬೇಕು ಅಂತಿಲ್ಲ.

ಹಂಚಿಕೆ ನೋಡಿ. ಇದೇ ರಾಜಿಯಲ್ಲಿ ಹಳೇ ಆಟಗಾರರ ಪರಿಹಾರಕ್ಕೆ ಬಳಸಿದ ಸೂತ್ರವನ್ನೇ ಹಲವು ದೊಡ್ಡ ಕಾಲೇಜುಗಳು ಹಿಡಿದಿವೆ: ಅಮೆರಿಕನ್ ಫುಟ್‌ಬಾಲ್‌ಗೆ ಸುಮಾರು ಶೇ. 75, ಪುರುಷರ ಬಾಸ್ಕೆಟ್‌ಬಾಲ್‌ಗೆ 15, ಮಹಿಳೆಯರದಕ್ಕೆ 5, ಮಿಕ್ಕ ಎಲ್ಲ ಆಟಕ್ಕೂ ಸೇರಿ 5. ಪೂರ್ತಿ ಮಿತಿ ಖರ್ಚು ಮಾಡೋ ಕಾಲೇಜಿನಲ್ಲೂ ಆ 5 ಅಂದರೆ ಹತ್ತು ಲಕ್ಷ ಡಾಲರ್ ಚಿಲ್ಲರೆ. ಈಜು, ಟೆನಿಸ್, ವಾಲಿಬಾಲ್, ಟ್ರ್ಯಾಕ್‌ನ ನೂರಾರು ಮಕ್ಕಳ ನಡುವೆ ಅದು ಎಲ್ಲಿಗೆ ಸಾಕು?

ನಿಮ್ಮ ಹುಡುಗಿಗೆ ಅನುಕೂಲ ಆಗಿರೋದು ಬೇರೆ ಕಡೆ. ಮೊದಲು ಮಹಿಳೆಯರ ಟ್ರ್ಯಾಕ್‌ಗೆ 18 ಸ್ಕಾಲರ್‌ಶಿಪ್ ಮಾತ್ರ, ಅದನ್ನೇ ಚೂರುಚೂರು ಮಾಡಿ ಹಂಚೋರು. ಈಗ ರಾಜಿಗೆ ಒಪ್ಪಿದ ಕಾಲೇಜಲ್ಲಿ ಆ ಮಿತಿ ಹೋಗಿ ತಂಡದಲ್ಲಿ 45 ಜನ ಅನ್ನೋ ಮಿತಿ ಬಂದಿದೆ. ಬಜೆಟ್ ಇದ್ದರೆ 45 ಜನಕ್ಕೂ ಪೂರ್ತಿ ಕೊಡಬಹುದು. ಒಪ್ಪದ ಕಾಲೇಜಲ್ಲಿ ಹಳೇ 18ರ ಲೆಕ್ಕವೇ. ಆದ್ದರಿಂದ ಕೋಚ್‌ಗೆ ಮೊದಲ ಪ್ರಶ್ನೆ: ನೀವು ರಾಜಿಗೆ ಸೇರಿದ್ದೀರಾ, ಇವಳಿಗೆ ಕೊಡೋದು ಪೂರ್ತಿಯಾ, ಶೇಕಡಾ ಎಷ್ಟು?

ಎಫ್-ಒನ್ ಫೈಲು, ಮೈಸೂರು

ವೀಸಾ ವಿಚಾರ ಏಜೆಂಟ್ ಬಾಯೇ ಬಿಟ್ಟಿಲ್ಲ ನೋಡಿ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗಿನ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಅಲ್ಲಿದ್ದುಕೊಂಡು ಶೂ ಕಂಪನಿ ಜಾಹೀರಾತಿಗೆ ಶೂಟಿಂಗ್ ಮಾಡಿ ದುಡ್ಡು ತಗೊಂಡರೆ ಅನುಮತಿ ಇಲ್ಲದ ಕೆಲಸ ಅಂತ ಎಣಿಸಿ ವೀಸಾ ಸ್ಥಾನಮಾನವೇ ಹೋಗಬಹುದು. ಕೆಂಟಕಿಯ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಜಾಹೀರಾತು ಕೆಲಸ ಮುಗಿಸಿಕೊಂಡದ್ದು ಇದಕ್ಕೇ. ಇವಳೂ ಅಂಥದ್ದೇನಾದರೂ ಮಾಡೋದಿದ್ದರೆ ರಜೆಯಲ್ಲಿ ಊರಿಗೆ ಬಂದಾಗ ಮಾಡಲಿ, ಅದಕ್ಕೂ ಮುಂಚೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಮೇಲ್‌ನಲ್ಲಿ ಇರಲಿ. ಬಾಯಿಮಾತು ಬೇಡ. 600 ಡಾಲರ್ ದಾಟಿದ ಹೊರಗಿನ ಒಪ್ಪಂದವನ್ನು ‘ಎನ್‌ಐಎಲ್ ಗೋ’ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಲೇಬೇಕು.

ತೆರಿಗೆಯೂ ಇದೆ. ಫೀಸು, ಪುಸ್ತಕದ ಹಣಕ್ಕೆ ತೆರಿಗೆ ಇಲ್ಲ. ರೂಮು, ಊಟಕ್ಕೆ ಕೊಡೋ ಭಾಗಕ್ಕೆ ಎಫ್-1ನವರಿಗೆ ಸಾಮಾನ್ಯವಾಗಿ ಶೇ. 14 ಹಿಡಿದುಕೊಳ್ತಾರೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಬೀಳದ ನಿಗದಿತ ಭಾಗ) ಸಿಗುತ್ತೆ. ತೆರಿಗೆ ಲೆಕ್ಕ ಸಲ್ಲಿಸೋ 1040-ಎನ್‌ಆರ್ ಫಾರಂ ತುಂಬಿದರೆ ಹಿಡಿದದ್ದರಲ್ಲಿ ಒಂದಷ್ಟು ವಾಪಸ್ ಬರಬಹುದು. ಬಹಳ ಮಕ್ಕಳು ಇದನ್ನ ತುಂಬೋದೇ ಇಲ್ಲ.

ಲೇನ್ ನಾಲ್ಕು

ಕಮಿಷನ್ ಮಾತು ಮೊದಲು ನಿಲ್ಲಿಸಿ. ಏಜೆನ್ಸಿ ನಿಗದಿತ ಫೀಸು ತಗೋಬಹುದು, ಸ್ಕಾಲರ್‌ಶಿಪ್ ಮೊತ್ತದ ಮೇಲೆ ಶೇಕಡಾ ಲೆಕ್ಕ ಎನ್‌ಸಿಎಎ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಹೋಗೋದು ಹುಡುಗಿಯ ಅರ್ಹತೆ, ಏಜೆಂಟ್‌ಗೆ ಏನೂ ಆಗಲ್ಲ.

ಫುಟ್‌ಬಾಲ್‌ಗೆ ಹೋಗೋ ದುಡ್ಡು ಅದೇ ಕ್ರೀಡಾ ವಿಭಾಗದ ಗಂಟಿನಿಂದ ಬರಬೇಕು ಅನ್ನೋದೂ ಗೊತ್ತಿರಲಿ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ ಈಜು ತಂಡಗಳನ್ನೇ ಮುಚ್ಚಿತು, ಹೌಸ್ ರಾಜಿಯ ಹೊರೆಯನ್ನೂ ಕಾರಣ ಕೊಟ್ಟಿತು. ಓದಿನಲ್ಲಿ, ಆಟದಲ್ಲಿ ಹೆಣ್ಣು-ಗಂಡು ಭೇದ ಮಾಡಬಾರದು ಅನ್ನೋ ‘ಟೈಟಲ್ 9’ ಕಾನೂನು ಇರೋದರಿಂದ ಮಹಿಳೆಯರ ತಂಡಕ್ಕೆ ಕೈ ಹಾಕೋದು ಕಷ್ಟ, ಹಾಗಂತ ಟೆಕ್ಸಾಸ್‌ನ ಯುಟೆಪ್ ವಿಶ್ವವಿದ್ಯಾಲಯದ ಮಹಿಳೆಯರ ಟೆನಿಸ್ ತಂಡ ಉಳಿಯಲಿಲ್ಲ. ಕಾಲೇಜು ಬದಲಿಸೋ ಆಟಗಾರರು ಹೆಸರು ಹಾಕೋ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ 22 ವರ್ಷದ ಪಳಗಿದ ಓಟಗಾರ್ತಿ ಸಿಗುವಾಗ, 45ರಲ್ಲಿ ಹೊಸಬಳಿಗೆ ಜಾಗ ಕೊಡೋಕೆ ಕೋಚ್‌ಗಳು ಹಿಂದೆಮುಂದೆ ನೋಡ್ತಾರೆ.

ಕಾಲೇಜಿಗೆ ಸೇರ್ತೀನಿ ಅಂತ ಆಟಗಾರರು ಸಹಿ ಹಾಕ್ತಿದ್ದ ಹಳೇ ‘ಲೆಟರ್ ಆಫ್ ಇಂಟೆಂಟ್’ 2024ರ ಅಕ್ಟೋಬರ್‌ನಲ್ಲೇ ರದ್ದಾಗಿದೆ. ಈಗ ಕಟ್ಟುಪಾಡು ಅಂದರೆ ಫೈನಾನ್ಶಿಯಲ್ ಏಡ್ ಒಪ್ಪಂದ. ಅದರಲ್ಲಿ ಒಂದು ವರ್ಷವಾ ನಾಲ್ಕು ವರ್ಷವಾ, ಗಾಯವಾದರೆ ಮುಂದುವರಿಯುತ್ತಾ, ಕೋಚ್ ಬಿಟ್ಟು ಹೋದರೆ ಏನು, ಹೆಲ್ತ್ ಇನ್ಶೂರೆನ್ಸ್ ಯಾರದ್ದು ಅಂತ ಸಾಲುಸಾಲು ಓದಿ.

ಪಿ.ಇ. ಮೇಷ್ಟ್ರು, ಮಂಡ್ಯ

ಎಲ್ಲರಿಗೂ ಧನ್ಯವಾದ. ಪೂರ್ತಿ ಸ್ಕಾಲರ್‌ಶಿಪ್ ಅಂತ ಬರೆದುಕೊಟ್ಟರೆ ಕೈಗೆ ಬರೋದು ಏನಾದ್ರೂ ಇರುತ್ತಾ? ತಂದೆಗೆ ಯಾವ ಕಾಗದ ತೋರಿಸಲಿ?

ಓವಲ್ ಗ್ರೌಂಡ್, ಮೈಸೂರು

ಫೀಸು, ರೂಮು, ಊಟ, ಪುಸ್ತಕದ ಮೇಲೆ ‘ಕಾಸ್ಟ್ ಆಫ್ ಅಟೆಂಡೆನ್ಸ್’ ಅಂತ ಓಡಾಟ, ಬಟ್ಟೆಬರೆಗೆ ಭತ್ಯೆ ಇರುತ್ತೆ. ಕಾಲೇಜಿಂದ ಕಾಲೇಜಿಗೆ ಬೇರೆ. ಕೆಲವು ಕಡೆ ಓದಿನ ಬೋನಸ್ ಅಂತ ವರ್ಷಕ್ಕೆ 5,980 ಡಾಲರ್ ತನಕ ಕೊಡ್ತಾರೆ, ಕೇಳಿ ನೋಡಿ.

ತಂದೆಗೆ ತೋರಿಸಬೇಕಾದ್ದು ವೀಸಾಕ್ಕೆ ಅಂತ ಕಾಲೇಜು ಕೊಡೋ ಐ-20 ಕಾಗದ. ಒಂದು ಕಡೆ ವರ್ಷದ ಒಟ್ಟು ಖರ್ಚು, ಇನ್ನೊಂದು ಕಡೆ ಕಾಲೇಜು ಎಷ್ಟು ಕೊಡುತ್ತೆ, ಮನೆಯವರು ಎಷ್ಟು ಹಾಕಬೇಕು ಅಂತ ಅದರಲ್ಲಿ ಇರುತ್ತೆ. ಮನೆಯವರ ಅಂಕಣದಲ್ಲಿ ಏನಾದರೂ ಮೊತ್ತ ಇದ್ದರೆ, ಅದು ಸೊನ್ನೆ ಆಗೋ ತನಕ ಕೋಚ್ ಹತ್ತಿರ ಮಾತಾಡಿ. ಅಲ್ಲಿತನಕ ಸಾಲದ ಕಾಗದಕ್ಕೆ ಸಹಿ ಬೇಡ ಅಂತ ಅವರಿಗೆ ಹೇಳಿ.