ಸಹಾಯ ಬೇಕು: ನಿಯಾನ್ ಟೆಟ್ರಾಗಳ ಮೈಮೇಲೆ ಬಿಳಿ ಚುಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಮನೆಯಲ್ಲಿ ಎರಡು ಅಡಿಯ ಮೀನಿನ ಟ್ಯಾಂಕ್ ಇದೆ, ಸುಮಾರು 60 ಲೀಟರ್. ಅದರಲ್ಲಿ ಆರು ಗಪ್ಪಿ, ಎಂಟು ನಿಯಾನ್ ಟೆಟ್ರಾ ಇದ್ದವು. ಈಗ ಟೆಟ್ರಾ ಐದೇ ಉಳಿದಿವೆ.

ನಮ್ಮ ಓಣಿಗೆ ಮಲಪ್ರಭಾ ನೀರು ದಿನಾ ಬರುವುದಿಲ್ಲ. ಹೋದ ವಾರ ಇನ್ನೂ ತಡವಾಯಿತು. ಕಾಯದೆ ಅರ್ಧಕ್ಕಿಂತ ಜಾಸ್ತಿ ನೀರು ತೆಗೆದು ಬೋರ್‌ವೆಲ್ ನೀರು ಹಾಕಿದೆ. ಪಾತ್ರೆ ಮೇಲೆ ಬಿಳಿ ಕಲೆ ಕೂರುವಷ್ಟು ಗಡಸು ನೀರು ಅದು. ಸಾಲದ್ದಕ್ಕೆ, ನಲ್ಲಿ ಬಂದ ದಿನ ಫಿಲ್ಟರ್ ಸ್ಪಂಜನ್ನು ಅದರ ಕೆಳಗೇ ಹಿಡಿದು ತೊಳೆದೆ. ಕ್ಲೋರಿನ್ ತಾಗಿದರೆ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಕಳೆಯುವ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು.

ಈಗ ಟೆಟ್ರಾಗಳ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಕಲ್ಲಿಗೆ ಮೈ ಉಜ್ಜುತ್ತಿವೆ. ಇದು ಇಕ್ ಅನ್ನುವ ಬಿಳಿ ಚುಕ್ಕೆ ರೋಗವೇ ಅಲ್ವಾ? ಗಪ್ಪಿಗಳು ಆರಾಮಾಗಿವೆ. ಅವಕ್ಕೆ ಗಡಸು ನೀರು ಒಗ್ಗುತ್ತದೆ, ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಮೀನು.

ರಾತ್ರಿ ನೀರು 22 ಡಿಗ್ರಿಗೆ ಇಳಿಯುತ್ತಿದೆ, ಹೀಟರ್ ಇಲ್ಲ. ತಂದು, ದಿನಕ್ಕೆ ಒಂದೊಂದೇ ಡಿಗ್ರಿ ಏರಿಸಿ 28ಕ್ಕೆ ಒಯ್ದರೆ ನಿಯಾನ್ ತಡೆಯುತ್ತವೆಯೇ? ಉಪ್ಪು ಸಾಕಾ, ಔಷಧಿಯೇ ಬೇಕಾ? ಬೋರ್ ನೀರಿಗೆ ಆರ್‌ಒ ನೀರು ಎಷ್ಟು ಬೆರೆಸುತ್ತೀರಿ? ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟಿದ್ದಾರೆ, ಬಾಟಲಿ ಮೇಲೆ ಚೀಟಿಯೇ ಇಲ್ಲ. ಹಾಕಲು ಭಯ. ಅಮೋನಿಯಾ ಟೆಸ್ಟ್ ಕಿಟ್ ಹುಬ್ಬಳ್ಳಿಯಲ್ಲಿ ಯಾವ ಕಡೆ ಸಿಗುತ್ತದೆ, ಅದನ್ನೂ ಹೇಳಿ.

ಬೇಗ ತಿಳಿಸಿ. ಮಗಳು ಬೆಳಿಗ್ಗೆ ಎದ್ದ ಕೂಡಲೇ ಮೀನು ಎಣಿಸುತ್ತಾಳೆ.