ರುಸ್ತುಮನಿಗೆ ಜಾಮೀನು ಸಿಗುತ್ತದೆಯೇ?

20ನೆಯ ಶತಮಾನದ ಮೊದಲರ್ಧದಲ್ಲಿ ಹುಸೇನ್ ಕೊಲ್ಲರ್ ಆಘಾಸಿ, ಮೊಹಮ್ಮದ್ ಮೊದಬ್ಬೆರ್ ಮುಂತಾದವರು ಇರಾನಿನ ಕಾಫಿಖಾನೆಗಳ ಗೋಡೆಗಳಿಗೆಂದು ಬರೆದ ತೈಲಚಿತ್ರಗಳನ್ನು ನಿರಚನೆಯ (ಎಂದರೆ ಕೃತಿಯೊಳಗಿನ ಬಿರುಕುಗಳನ್ನೇ ಹಿಡಿದು ಅದರ ಅರ್ಥವನ್ನು ಬಿಚ್ಚಿ ನೋಡುವ) ಕಣ್ಣಿನಿಂದ ಓದಬೇಕೆಂದು ಮೇಷ್ಟ್ರು ಹೇಳಿದೊಡನೆ, ಮೊದಲು ಎಫ್‌ಐಆರ್ ಓದೋಣವೆಂದು ನಮ್ಮ ವಕೀಲರು ಪಟ್ಟು ಹಿಡಿದರು. (ಕಾಫಿಖಾನೆಯೆಂದು ಹೆಸರಾದರೂ ಅಲ್ಲಿನವರು ಕುಡಿಯುವುದು ಚಹಾ.) ಪ್ರಕರಣವಾದರೋ ಪ್ರಸಿದ್ಧವಾದದ್ದೇ. ಪರ್ಷಿಯನ್ ಮಹಾಕಾವ್ಯ ‘ಶಾಹನಾಮೆ’ಯ ವೀರ ರುಸ್ತುಮನು ಎದುರಾಳಿಯನ್ನು ಇರಿದುಬಿಟ್ಟು, ಆಮೇಲೆ ಅವನ ತೋಳಿನ ಮಣಿಯನ್ನು ಕಂಡು, ಸಾಯುತ್ತಿರುವವನು ತನ್ನ ಮಗ ಸೊಹ್ರಾಬನೆಂದು ಅರಿಯುತ್ತಾನೆ.

“ಚಿತ್ರಕಾರರು ಮುಖದ ಪಕ್ಕದಲ್ಲಿ ಹೆಸರನ್ನೂ ಬರೆಯುತ್ತಿದ್ದರಂತಲ್ಲ, ಆರೋಪಿಯ ಹೆಸರು ಪಟದಲ್ಲೇ ಇರುವಾಗ ಇನ್ನೇನು ವಾದ?” ಎಂದರು ವಕೀಲರು.

“ಬಿರುಕಿರುವುದೇ ಅಲ್ಲಿ, ಸ್ವಾಮಿ” ಎಂದರು ಮೇಷ್ಟ್ರು. “ಸೊಹ್ರಾಬ ಕೇಳಿದರೂ ರುಸ್ತುಮನು ತನ್ನ ಹೆಸರು ಹೇಳದೆ ಹೋದದ್ದರಿಂದ ಇಷ್ಟೆಲ್ಲ ನಡೆಯಿತು. ಕಥೆ ಯಾವುದನ್ನು ಮುಚ್ಚಿಟ್ಟುಕೊಂಡು ಸಾಗುತ್ತದೆಯೋ ಅದನ್ನು ಪಟವು ತಲೆಯ ಪಕ್ಕದಲ್ಲೇ ಬರೆದುಬಿಡುತ್ತದೆ. ಚಹಾ ಕುಡಿಯುವವನಿಗೆ ತಿಳಿದದ್ದು ಹೆತ್ತ ಅಪ್ಪನಿಗೆ ತಿಳಿಯದು. ವೀರ ಯಾರು, ಪಾಪಿ ಯಾರು ಎಂಬ ಗೆರೆ ತಾನಾಗಿಯೇ ಅಳಿಸುತ್ತಿರುವಾಗ ನಿರಚನೆಯ ಗುರು ದೆರಿದಾ ಸುತ್ತಿಗೆ ಹಿಡಿದು ಬರಬೇಕಾಗಿಲ್ಲ.”

ವಕೀಲರು ಸೋಲಲಿಲ್ಲ. ಕಥೆಗಾರರು ಕೋಲಿನಿಂದ ತೋರಿಸುತ್ತ ಹೇಳುತ್ತಿದ್ದ ದೊಡ್ಡ ಪರದೆಗಳಲ್ಲಿ ಅನೇಕ ಪ್ರಸಂಗಗಳು ಒಟ್ಟಿಗೇ ಇರುವುದರಿಂದ, ಒಬ್ಬನೇ ವ್ಯಕ್ತಿ ಏಕಕಾಲಕ್ಕೆ ಹಲವೆಡೆ ಕಾಣುವುದು ಆರೋಪಿಗೆ ಅನುಕೂಲವೇ ಎಂದು ಅವರು ವಾದಿಸಿದರು. ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮ ಬಟ್ಟೆಯಲ್ಲಿಲ್ಲ, ಕೋಲಿನಲ್ಲಿದೆ ಎಂದು ಮೇಷ್ಟ್ರು ಇದನ್ನು ಸಂತೋಷದಿಂದ ಒಪ್ಪಿದ್ದು ವಕೀಲರಿಗೆ ಹಿಡಿಸಲಿಲ್ಲ. ನನಗಂತೂ ಇಡೀ ಚರ್ಚೆಯಲ್ಲಿ ಇದೇ ಗಟ್ಟಿ ಮಾತೆನಿಸಿತು.

ಆಮೇಲೆ ಮೇಷ್ಟ್ರು ಇನ್ನೊಂದು ಅಪ್ಪ–ಮಗನ ಚಿತ್ರವನ್ನು ಎತ್ತಿಕೊಂಡರು. ಜನಪದ ಧಾರ್ಮಿಕ ಚಿಹ್ನೆಗಳನ್ನು ಆಧುನಿಕ ಕಲೆಗೆ ತಂದ ಇರಾನಿನ ‘ಸಕ್ಕಾಖಾನೆ’ ಪಂಥದವರೆಂದು ಗುರುತಿಸಲಾಗುವ ಹುಸೇನ್ ಜೆಂದೆರೂದಿ 1962ರಲ್ಲಿ ರಚಿಸಿದ, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ ಆ ಕೃತಿಯ ಹೆಸರು ‘ಕೆ+ಎಲ್+32+ಎಚ್+4: ನನ್ನ ಅಪ್ಪ ಮತ್ತು ನಾನು’. ಶೀರ್ಷಿಕೆ ಕಥೆಯ ಆಸೆ ಹುಟ್ಟಿಸುತ್ತದೆ; ಒಳಗೆ ನೋಡಿದರೆ ತಾಯಿತದ ಬರಹವನ್ನು ನೆನಪಿಸುವ ಅಂಕಿ, ಅಕ್ಷರಗಳ ದಟ್ಟಣೆ. ಹೆಸರು ಬರೆದರೂ ಇಲ್ಲಿ ಯಾರೂ ಗುರುತಾಗುವುದಿಲ್ಲ. ಕೋಲು ಹಿಡಿದು ಕ್ರಮ ಹೇಳುವವನೂ ಇಲ್ಲ.

ಅಲ್ಲಿಯವರೆಗೆ ಬೋಂಡಾ ತಿನ್ನುತ್ತಿದ್ದ ಬ್ಯಾಂಕಿನ ಗೆಳೆಯ ಎದ್ದು ಕುಳಿತು, “ಆ ಅಂಕಿಗಳನ್ನೆಲ್ಲ ಕೂಡಿದರೆ ಮೊತ್ತ ತಾಳೆಯಾಗುತ್ತದೆಯೇ?” ಎಂದ.

“ಆಗುವುದಿಲ್ಲ. ಅರ್ಥ ಒಂದು ಮೊತ್ತಕ್ಕೆ ಬಂದು ನಿಲ್ಲಬಾರದೆಂಬುದೇ ಅದರ ಸ್ವಾರಸ್ಯ” ಎಂದರು ಮೇಷ್ಟ್ರು.

“ಹಾಗಾದರೆ ಮ್ಯೂಸಿಯಂನವರು ಅದನ್ನು ಆಡಿಟ್ ಮಾಡಿಸದೆ ಒಳಗೆ ಬಿಟ್ಟುಕೊಂಡರೇ?”